ಗಲೀಜು ಕುದುರೆಗೆ ಲಾಯದಲ್ಲಿ ಏನು ಹಾಸಬೇಕು?

"ನಮ್ಮ ಕುದುರೆ ವಿಪರೀತ ಗಲೀಜು ಮಾಡುತ್ತೆ, ಯಾವ ಹಾಸು ಒಳ್ಳೇದು?" ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಗಲೀಜಿನಲ್ಲೂ ಬಗೆಬಗೆ ಇದೆ. ಒಂದು ಕುದುರೆ ಲದ್ದಿಯನ್ನು ಹಾಕಿದಲ್ಲೇ ಬಿಡುತ್ತದೆ, ಆದರೆ ಗಂಜಲದಲ್ಲಿ ಬಾಕ್ಸಿನ, ಅಂದರೆ ಲಾಯದಲ್ಲಿ ತನ್ನ ಕೋಣೆಯ, ಅರ್ಧಭಾಗ ತೋಯಿಸುತ್ತದೆ. ಇನ್ನೊಂದು ರಾತ್ರಿಯಿಡೀ ಗಾಣದ ಎತ್ತಿನ ಹಾಗೆ ಸುತ್ತಿ, ಲದ್ದಿಯನ್ನು ತುಳಿದು ಪುಡಿ ಮಾಡಿ ಹಾಸಿನೊಳಗೆ ಬೆರೆಸಿಬಿಡುತ್ತದೆ. ಮತ್ತೊಂದು ಹಾಸನ್ನೇ ಮೇಯುತ್ತದೆ. ಇನ್ನು ಕೆಲವು ತಾವು ಹಾಕಿದ್ದರ ಮೇಲೇ ಮಲಗಿ, ಬೆಳಿಗ್ಗೆ ಒಂದು ಪಕ್ಕ ಪೂರಾ ಹಳದಿ ಬಳಿದುಕೊಂಡು ಎದ್ದು ನಿಲ್ಲುತ್ತವೆ. ಮೈ ಬಿಳಿಯಾಗಿದ್ದರಂತೂ ಕುದುರೆ ನೋಡಿಕೊಳ್ಳುವ ಸೈಸ್‌ನ ಗತಿ ದೇವರಿಗೇ ಪ್ರೀತಿ. ಇವಕ್ಕೆಲ್ಲ ಒಂದೇ ಹಾಸು ಆಗಿಬರುವುದಿಲ್ಲ. ಅಂಗಡಿಗೆ ಹೋಗುವ ಮೊದಲು ನಿಮ್ಮ ಕುದುರೆ ಯಾವ ಪೈಕಿ ಎಂದು ತಿಳಿದುಕೊಳ್ಳಿ.

ಅದಕ್ಕೆ ಬೆಳಿಗ್ಗೆ ಸಲಿಕೆ ಹಿಡಿಯುವ ಮುಂಚೆ ಬಾಗಿಲಲ್ಲಿ ನಿಂತು ನೋಡಿದರೆ ಸಾಕು. ಗೋಡೆಯಿಂದ ಒಂದೆರಡು ಅಡಿ ಒಳಗೆ ಉಂಗುರದ ಹಾಗೆ ನೆಲ ಕಾಣುತ್ತಿದ್ದು, ಹಾಸೆಲ್ಲ ನಡುವೆ ಮತ್ತು ಮೂಲೆಗಳಲ್ಲಿ ಗುಡ್ಡೆಯಾಗಿದ್ದರೆ ಅದು ಸುತ್ತುವ ಕುದುರೆ. ಲದ್ದಿ ಉಂಡೆಯಾಗೇ ಉಳಿದಿದೆಯೇ, ಪುಡಿಯಾಗಿದೆಯೇ ನೋಡಿ. ಆಮೇಲೆ ಒದ್ದೆ ಜಾಗ ಹುಡುಕಿ. ಗೆಲ್ಡಿಂಗ್, ಅಂದರೆ ಬೀಜ ಒಡೆದ ಗಂಡು ಕುದುರೆ, ಆದರೆ ಗಂಜಲ ಹೊಟ್ಟೆಯ ಕೆಳಗೆ ಬೀಳುವುದರಿಂದ ಒದ್ದೆ ಸಾಮಾನ್ಯವಾಗಿ ಬಾಕ್ಸಿನ ನಡುಭಾಗದಲ್ಲಿರುತ್ತದೆ. ಹೆಣ್ಣು ಕುದುರೆ ಬಾಗಿಲ ಕಡೆ ಮುಖ ಮಾಡಿ ನಿಂತು ಹಿಂದಕ್ಕೆ ಹೊಯ್ಯುವುದರಿಂದ ಹಿಂಗೋಡೆಯ ಹತ್ತಿರ. ಇದು ಗೊತ್ತಾದರೆ ದುಬಾರಿ ಹಾಸನ್ನು ಇಡೀ ಬಾಕ್ಸಿಗೆ ಸುರಿಯುವ ಅಗತ್ಯವೇ ಇರುವುದಿಲ್ಲ.

450 ಕಿಲೋ ತೂಕದ ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ, 7ರಿಂದ 10 ಲೀಟರ್ ಗಂಜಲ ಹಾಕುತ್ತದೆ. ನಿಮ್ಮದು ಇದಕ್ಕಿಂತ ತುಂಬಾ ಹೆಚ್ಚು ಒದ್ದೆ ಮಾಡುತ್ತಿದ್ದರೆ ಹಾಸು ಬದಲಿಸುವ ಮುಂಚೆ ನೀರು ಅಳೆಯಿರಿ. ಇಡೀ ದಿನದಲ್ಲಿ ಎಷ್ಟು ಬಕೆಟ್ ಕುಡಿಯಿತು ಎಂದು ಎರಡು ಮೂರು ದಿನ ಬರೆದಿಡಿ. ತೂಕದ ಪ್ರತಿ ಕಿಲೋಗೆ 100 ಮಿಲಿಲೀಟರ್ ದಾಟಿದರೆ, ಅಂದರೆ ಈ ಕುದುರೆಗೆ 45 ಲೀಟರ್ ಮೀರಿದರೆ, ಬಿಸಿಲು, ಬೆವರು, ಕೆಲಸ ಯಾವುದೂ ಕಾರಣವಲ್ಲದಿದ್ದರೆ, ಪಶುವೈದ್ಯರಿಗೆ ಹೇಳಬೇಕು. ಮೂತ್ರಪಿಂಡದ ತೊಂದರೆ, ವಯಸ್ಸಾದ ಕುದುರೆಗಳಲ್ಲಿ ಕುಶಿಂಗ್ಸ್ ಎಂಬ ಹಾರ್ಮೋನಿನ ಕಾಯಿಲೆ, ಬೇಸರಕ್ಕೆ ನೀರು ಕುಡಿಯುವ ಚಾಳಿ, ಉಪ್ಪಿನ ಗಡ್ಡೆ ನೆಕ್ಕಿ ಮುಗಿಸುವುದು, ಇವೆಲ್ಲ ಲಾಯದ ನೆಲದಲ್ಲೂ ಕಾಣಿಸುತ್ತವೆ. ಮೇವನ್ನೂ ನೋಡಿ. ಕುದುರೆ ಮೆಂತೆ, ಅಂದರೆ ಲೂಸರ್ನ್, ಜಾಸ್ತಿಯಾದರೆ ಹೆಚ್ಚುವರಿ ಪ್ರೋಟೀನಿನ ಸಾರಜನಕ ಯೂರಿಯಾ ಆಗಿ ಹೊರಬೀಳುತ್ತದೆ. ಅದನ್ನು ಹೊರಹಾಕಲು ಕುದುರೆ ಹೆಚ್ಚು ನೀರು ಕುಡಿಯುತ್ತದೆ, ಹೆಚ್ಚು ಹೊಯ್ಯುತ್ತದೆ, ಲಾಯ ಹೆಚ್ಚು ನಾರುತ್ತದೆ.

ಹಾಸಿನ ಮಾತಿಗೆ ಮೊದಲು ಇನ್ನೊಂದೇ ವಿಷಯ, ನೆಲ. 12 ಅಡಿಗೆ 12 ಅಡಿ ಬಾಕ್ಸಿನಲ್ಲಿ ಹಿಂಗೋಡೆಯಿಂದ ಬಾಗಿಲ ಕಡೆಗೆ ಎರಡು ಇಂಚು ಇಳಿಜಾರಿದ್ದರೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಕುದುರೆ ಹೊತ್ತೆಲ್ಲ ಓರೆಯಾಗಿ ನಿಲ್ಲಬೇಕಾಗುತ್ತದೆ. 4×6 ಅಡಿಯ ರಬ್ಬರ್ ಮ್ಯಾಟ್ ಆರು ತಂದರೆ ಇಡೀ ಬಾಕ್ಸ್ ಮುಚ್ಚುತ್ತದೆ. 18 ಮಿಲಿಮೀಟರ್ ದಪ್ಪದ್ದು ಒಂದೊಂದೂ 45 ಕಿಲೋ ಹತ್ತಿರ ತೂಗುತ್ತದೆ, ಎತ್ತಲು ಇಬ್ಬರು ಬೇಕು. ಮ್ಯಾಟ್ ಹಾಕಿದರೆ ಹಾಸು ಬೇಡ ಎಂದು ಮಾರುವವರು ಹೇಳುತ್ತಾರೆ. ನಂಬಬೇಡಿ. ರಬ್ಬರ್ ಒಂದು ಹನಿಯನ್ನೂ ಹೀರುವುದಿಲ್ಲ. ಗಟ್ಟಿ ನೆಲದ ಮೇಲೆ ಹೊಯ್ದರೆ ಕಾಲಿಗೆ ಸಿಡಿಯುತ್ತದೆಂದು ಎಷ್ಟೋ ಕುದುರೆಗಳು ಗಂಜಲ ಹಿಡಿದಿಟ್ಟುಕೊಂಡು ನಿಲ್ಲುತ್ತವೆ. ಜೊತೆಗೆ ಮ್ಯಾಟ್‌ಗಳ ಸಂದಿಯಲ್ಲಿ ಇಳಿದ ಗಂಜಲ ಅಡಿಯಲ್ಲೇ ಕೊಳೆಯುತ್ತದೆ. ಮೇಲೆ ಎಷ್ಟು ಗುಡಿಸಿದರೂ ವಾಸನೆ ಹೋಗದಿದ್ದರೆ ಮ್ಯಾಟ್ ಎತ್ತಿ ತೊಳೆಯುವ ಕಾಲ ಬಂದಿದೆ ಎಂದರ್ಥ.

ಈಗ ಹಾಸು. ನಮ್ಮಲ್ಲಿ ಹಳಬರ ಮೊದಲ ಆಯ್ಕೆ ಭತ್ತದ ಹುಲ್ಲು. ಮಂಡ್ಯ ಕಡೆಯಿಂದ ಬೆಂಗಳೂರಿನ ಲಾಯಗಳಿಗೆ ಸುಲಭವಾಗಿ ಬರುತ್ತದೆ, ಬೆಚ್ಚಗಿರುತ್ತದೆ, ಮಲಗಿ ಏಳುವಾಗ ಮೊಣಕಾಲು ತರಚುವುದಿಲ್ಲ. ಮೈ ಗಲೀಜು ಮಾಡಿಕೊಳ್ಳುವ ಕುದುರೆಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಉದ್ದ ಹುಲ್ಲಿನ ಸಂದಿಯಿಂದ ಗಂಜಲ ಕೆಳಗಿಳಿದು ಮೇಲ್ಪದರ ಒಣಗಿಯೇ ಇರುತ್ತದೆ. ಆದರೆ ಕಟಾವು ಯಂತ್ರದಲ್ಲಿ ತುಂಡಾದ ಹುಲ್ಲಿಗೆ ಆ ಗುಣವಿಲ್ಲ, ಮಣ್ಣೂ ಸೇರಿರುತ್ತದೆ. ಹುಲ್ಲು ಹೀರುವುದು ಕಡಿಮೆ, ಮೇಲ್ಮೈ ಮೇಣದ ಹಾಗೆ ನುಣುಪು. ಹೀಗಾಗಿ ತುಂಬಾ ಹೊಯ್ಯುವ ಕುದುರೆಗೆ ಬರೀ ಹುಲ್ಲು ಹಾಸಿದರೆ ಅಡಿಯಲ್ಲಿ ಕೆರೆ. ಹಾಸು ಮೇಯುವ ಕುದುರೆಗಂತೂ ಬೇಡವೇ ಬೇಡ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ರಾತ್ರಿಯೆಲ್ಲ ತಿಂದರೆ ಕರುಳಲ್ಲಿ ಗಂಟುಕಟ್ಟಿ ಕಾಲಿಕ್, ಅಂದರೆ ಹೊಟ್ಟೆಶೂಲೆ, ಬರಬಹುದು. ಅಂಥ ಕುದುರೆಗೆ ಮೊದಲು ಹೊಟ್ಟೆ ತುಂಬ ಒಣಮೇವು ಕೊಡಿ. ದಿನಕ್ಕೆ ತೂಕದ ಶೇ. 1.5ರಿಂದ 2, ಅಂದರೆ 7ರಿಂದ 9 ಕಿಲೋ. ಎಷ್ಟೋ ಕುದುರೆಗಳು ಹಾಸನ್ನು ಮೇಯುವುದು ಹಸಿವಿಗೆ.

ಮರದ ಹಾಸಿನಲ್ಲಿ ಎರಡು ಬಗೆ. ಹತ್ತರಿ ಹೊಡೆದಾಗ ಬೀಳುವ ಸುರುಳಿ ಸಿಪ್ಪೆ, ಅಂದರೆ ಶೇವಿಂಗ್ಸ್. ಮತ್ತೆ ಸಾಮಿಲ್‌ನ ಗರಗಸದ ಪುಡಿ. ಶೇವಿಂಗ್ಸ್ ಹಗುರ, ದೂಳು ಕಡಿಮೆ, ಲದ್ದಿ ಎದ್ದು ಕಾಣುತ್ತದೆ. ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಕಡೆ ಪೈನ್ ಸಿಪ್ಪೆ ಸಿಗುತ್ತದೆ, ಒಳ್ಳೆಯದೇ, ಆದರೆ ಮೊಳೆ ಮತ್ತು ಪಿನ್ ಇರುತ್ತವೆ. ನೆಲದ ಮೇಲೆ ತೆಳ್ಳಗೆ ಹರವಿ, ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಹಗ್ಗಕ್ಕೆ ಕಟ್ಟಿ ಒಮ್ಮೆ ಎಳೆದಾಡಿಸಿ. ಗೊರಸಿಗೆ ಚುಚ್ಚಿದ ಒಂದು ಪಿನ್ ಕುದುರೆಯನ್ನು ತಿಂಗಳುಗಟ್ಟಲೆ ನಿಲ್ಲಿಸಿಬಿಡುತ್ತದೆ. ಪ್ಲೈವುಡ್, ಎಂಡಿಎಫ್ ಕೊಯ್ಯುವ ಫರ್ನಿಚರ್ ಅಂಗಡಿಯ ಪುಡಿ ಪುಕ್ಕಟೆ ಕೊಟ್ಟರೂ ತರಬೇಡಿ. ಅದರಲ್ಲಿ ಅಂಟು ಇದೆ, ಗೆದ್ದಲಿನ ಔಷಧಿ ಹೊಡೆದ ಮರವೂ ಇರಬಹುದು. ಸಾಮಿಲ್‌ನ ಪುಡಿ ಹಸಿ ದಿಮ್ಮಿಯದಾದರೆ ಚೀಲದೊಳಗೇ ಕಾವೇರುತ್ತದೆ. ಚೀಲದ ನಡುವಿಗೆ ಮೊಣಕೈವರೆಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ಬೂಸ್ಟು ಶುರುವಾಗಿದೆ, ವಾಪಸ್ ಕಳಿಸಿ.

ಸುತ್ತುವ ಕುದುರೆಗೆ ಅಗಲ ಸಿಪ್ಪೆಯ ಶೇವಿಂಗ್ಸ್ ಸರಿಹೋಗುವುದಿಲ್ಲ. ಒದ್ದು ಒದ್ದು ಗೋಡೆಗೆ ತಳ್ಳುತ್ತದೆ, ಪುಡಿಯಾದ ಲದ್ದಿಯನ್ನು ಸಿಪ್ಪೆಯಿಂದ ಬೇರೆ ಮಾಡಲು ಆಗುವುದಿಲ್ಲ. ಸಿಪ್ಪೆಯನ್ನು ಉಳಿಸಲು ಹೋದರೆ ಲದ್ದಿ ಉಳಿಯುತ್ತದೆ, ಲದ್ದಿ ತೆಗೆಯಲು ಹೋದರೆ ಎರಡೂ ತಿಪ್ಪೆಗೆ. ಇದಕ್ಕೆ ಬೇಕಾದ್ದು ಸಣ್ಣ ಕಾಳಿನ, ಸ್ವಲ್ಪ ಭಾರದ ಹಾಸು. ಮ್ಯಾಟ್ ಮೇಲೆ ಒಣಗಿದ ಒರಟು ಗರಗಸದ ಪುಡಿ, ಅದರ ಮೇಲೆ ಆಗಾಗ ತುಸು ನೀರಿನ ಸಿಂಚನ. ಹತ್ತಿರ ಹಲ್ಲಿನ ಫೋರ್ಕಿನಲ್ಲಿ ಎತ್ತಿ ಅಲ್ಲಾಡಿಸಿದರೆ ಹಾಸು ಕೆಳಗಿಳಿದು ಲದ್ದಿ ಮೇಲುಳಿಯಬೇಕು. ಹಾಸಿನ ಜೊತೆಗೆ ಸುತ್ತುವುದಕ್ಕೂ ಮದ್ದು ಬೇಕು: ಹಗಲು ಹೆಚ್ಚು ಹೊತ್ತು ಹೊರಗೆ ಬಿಡಿ, ಪಕ್ಕದ ಕುದುರೆ ಕಾಣುವಂತಿರಲಿ, ಮೇವನ್ನು ಎರಡು ಮೂಲೆಗಳಲ್ಲಿ ಬಲೆಯಲ್ಲಿ ಕಟ್ಟಿ. ನೀರಿನ ಬಕೆಟ್ಟಿನಲ್ಲೇ ಲದ್ದಿ ಹಾಕುವ ಮಹಾನುಭಾವರಿಗೆ ಬಕೆಟ್ ನೆಲದಿಂದ ಎತ್ತಿ ಎದೆಯ ಮಟ್ಟಕ್ಕೆ ಕಟ್ಟಿದರೆ ಮುಗಿಯಿತು.

ತುಂಬಾ ಹೊಯ್ಯುವ ಕುದುರೆಗೆ ನಮ್ಮ ಸೀಮೆಯಲ್ಲೇ ಸಿಗುವ ಒಳ್ಳೆಯ ವಸ್ತು ತೆಂಗಿನ ನಾರಿನ ಪುಡಿ, ಕೋಕೋಪೀಟ್. ತಿಪಟೂರು, ಅರಸೀಕೆರೆ ಕಡೆಯ ನಾರಿನ ಘಟಕಗಳಲ್ಲಿ ರಾಶಿ ಬಿದ್ದಿರುತ್ತದೆ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಹುಲ್ಲು ಇದರ ಹತ್ತಿರಕ್ಕೂ ಬರುವುದಿಲ್ಲ. ಸ್ವಲ್ಪ ಆಮ್ಲ ಗುಣವಿರುವುದರಿಂದ ಅಮೋನಿಯಾ ವಾಸನೆಯನ್ನೂ ತಗ್ಗಿಸುತ್ತದೆ. ಆದರೆ ಇದನ್ನು ಇಡೀ ಬಾಕ್ಸಿಗೆ ಹಾಕಬೇಡಿ. ಬಣ್ಣ ಕಪ್ಪು, ಒದ್ದೆ ಎಲ್ಲಿದೆ, ಲದ್ದಿ ಎಲ್ಲಿದೆ ಗೊತ್ತಾಗುವುದಿಲ್ಲ. ಗಂಜಲ ಬೀಳುವ ಆರು ಅಡಿ ಚೌಕದಲ್ಲಿ ಮಾತ್ರ ಎರಡು ಇಂಚು ಹರವಿ, ಮೇಲೆ ನಾಲ್ಕು ಇಂಚು ಶೇವಿಂಗ್ಸ್ ಅಥವಾ ಉದ್ದ ಹುಲ್ಲು ಮುಚ್ಚಿ. ಅಷ್ಟು ಜಾಗಕ್ಕೆ ಸುಮಾರು 170 ಲೀಟರ್ ಪುಡಿ ಬೇಕು. ಪುಡಿಯನ್ನು ಒತ್ತಿ ಮಾಡಿದ 5 ಕಿಲೋ ಇಟ್ಟಿಗೆ ನೀರು ಕುಡಿದು ಅರಳಿದರೆ 70 ಲೀಟರ್ ಹತ್ತಿರ ಆಗುತ್ತದೆ, ಎರಡೂವರೆ ಇಟ್ಟಿಗೆ. ಆದರೆ ಹಾಗೆ ಅರಳಿದ್ದು ಆಗಲೇ ನೀರು ಕುಡಿದು ಕೂತಿರುತ್ತದೆ, ಇನ್ನು ಗಂಜಲ ಎಲ್ಲಿ ಹೀರೀತು? ಅರಳಿಸಿದ ಮೇಲೆ ಟಾರ್ಪಾಲಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಲೇಬೇಕು. ಚೀಲದಲ್ಲಿ ಬಿಡಿಯಾಗಿ ಸಿಗುವ ಪುಡಿಯಾದರೆ ಈ ತಾಪತ್ರಯವಿಲ್ಲ. ಹದ ನೋಡಲು ಒಂದು ಹಿಡಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಜಿನುಗಬಾರದು, ಮುಷ್ಟಿ ಬಿಟ್ಟಾಗ ಉದುರಬೇಕು, ಗಾಳಿಗೆ ಹಾರುವಷ್ಟು ಒಣಗಿಯೂ ಇರಬಾರದು. ತೊಳೆದ ಪುಡಿಯನ್ನೇ ಕೇಳಿ ತನ್ನಿ. ತೊಳೆಯದ್ದರಲ್ಲಿ ಉಪ್ಪಿನಂಶ ಜಾಸ್ತಿ. ಕುದುರೆ ನೆಕ್ಕಿತು ಅಂದರೆ ಮತ್ತೆ ನೀರು, ಮತ್ತೆ ಗಂಜಲ.

ಭತ್ತದ ಹೊಟ್ಟು ಎಲ್ಲಕ್ಕಿಂತ ಅಗ್ಗ, ಅಕ್ಕಿ ಗಿರಣಿಯಿಂದ ಟ್ರ್ಯಾಕ್ಟರ್ ಲೋಡ್ ಬರುತ್ತದೆ. ಆದರೆ ಗಲೀಜು ಕುದುರೆಗೆ ಅದನ್ನು ಹಾಸಿ ಎಂದು ನಾನು ಹೇಳುವುದಿಲ್ಲ. ಹೀರುವುದೇ ಇಲ್ಲ ಎನ್ನುವಷ್ಟು ಕಡಿಮೆ, ಗೊರಸಿನ ಅಡಿಯಲ್ಲಿ ಜಾರಿ ನೆಲ ಬಿಡುತ್ತದೆ, ಕಣ್ಣಿಗೆ ಮೂಗಿಗೆ ಹೋಗುತ್ತದೆ. ಕಬ್ಬಿನ ಸಿಪ್ಪೆಯಲ್ಲಿ ಉಳಿದ ಸಕ್ಕರೆಗೆ ಬೂಸ್ಟು ಬೇಗ ಹಿಡಿಯುತ್ತದೆ. ಕಡಲೆಕಾಯಿ ಸಿಪ್ಪೆಯನ್ನು ಕುದುರೆ ತಿನ್ನುತ್ತದೆ, ಅದರ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಕೊಡಗು, ಚಿಕ್ಕಮಗಳೂರಿನ ಕಾಫಿ ಹೊಟ್ಟನ್ನು ರೇಸ್ ಕುದುರೆಯ ಹತ್ತಿರಕ್ಕೂ ತರಬಾರದು. ಅದರಲ್ಲಿ ಕೆಫೀನ್ ಇದೆ, ರೇಸಿನಲ್ಲಿ ಕೆಫೀನ್ ನಿಷಿದ್ಧ. ಬಾಯ್ಲರಿಗೆಂದು ಮಾರುವ, ಪುಡಿಯನ್ನು ಒತ್ತಿ ಗುಳಿಗೆ ಮಾಡಿದ ಉರುವಲು ಪೆಲೆಟ್‌ಗಳಲ್ಲಿ ಇವೆಲ್ಲವೂ ಸೇರಿರಬಹುದು, ಬರೀ ಮರದ್ದೆಂದು ಖಾತ್ರಿಯಿಲ್ಲದೆ ಕೊಳ್ಳಬೇಡಿ.

ಯಾವ ಹಾಸು ತಂದರೂ ಹೆಚ್ಚಿನವರು ಎಡವುವುದು ದಪ್ಪದಲ್ಲಿ. ಹೇಗೂ ಗಲೀಜು ಮಾಡುತ್ತೆ, ಕಡಿಮೆ ಹಾಕೋಣ ಅಂತ ಎರಡು ಇಂಚು ಚೆಲ್ಲುತ್ತಾರೆ. ತೆಳು ಹಾಸಿನಲ್ಲಿ ಗಂಜಲಕ್ಕೆ ಕೆಳಗಿಳಿಯಲು ಜಾಗವಿಲ್ಲ, ಅಡ್ಡಡ್ಡ ಹರಿದು ಎಲ್ಲವನ್ನೂ ಕೆಡಿಸುತ್ತದೆ. ಬೆಳಿಗ್ಗೆ ಇಡೀ ಬಾಕ್ಸ್ ಖಾಲಿ ಮಾಡಬೇಕು. ಆರು ಇಂಚು ಇದ್ದರೆ ಅದೇ ಗಂಜಲ ನೇರ ಇಳಿದು ಒಂದು ಕುಕ್ಕೆಯಗಲದಲ್ಲಿ ನಿಲ್ಲುತ್ತದೆ, ಅಷ್ಟನ್ನೇ ತೆಗೆದರಾಯಿತು. 12×12 ಬಾಕ್ಸಿಗೆ ಆರು ಇಂಚೆಂದರೆ 72 ಘನ ಅಡಿ, ಸುಮಾರು 2,000 ಲೀಟರ್. ಮ್ಯಾಟ್ ಇದ್ದರೆ ನಾಲ್ಕು ಇಂಚು ನಡೆಯುತ್ತದೆ. ಮೊದಲ ದಿನದ ಖರ್ಚು ನೋಡಿ ಎದೆ ಧಸಕ್ಕೆನ್ನುತ್ತದೆ, ನಿಜ. ಆದರೆ ಲೆಕ್ಕ ಹಾಕಬೇಕಾದ್ದು ಚೀಲದ ಬೆಲೆಯನ್ನಲ್ಲ, ದಿನಕ್ಕೆ ಎಷ್ಟು ಚೀಲ ತಿಪ್ಪೆಗೆ ಹೋಗುತ್ತದೆ ಎಂಬುದನ್ನು, ಜೊತೆಗೆ ಸೈಸ್ ಒಂದು ಬಾಕ್ಸಿಗೆ ಎಷ್ಟು ಹೊತ್ತು ಕಳೆಯುತ್ತಾನೆ ಎಂಬುದನ್ನು.

ತೆಗೆಯುವ ಕ್ರಮವೂ ಮುಖ್ಯ. ಕುದುರೆಯನ್ನು ಹೊರಗೆ ಕಟ್ಟಿ, ಕಾಣುವ ಲದ್ದಿ ಮಂಕರಿಗೆ ಹಾಕಿ, ಒಣ ಹಾಸನ್ನೆಲ್ಲ ಗೋಡೆಗೆ ಒತ್ತರಿಸಿ, ಒದ್ದೆಯನ್ನು ತಳದಿಂದ ಎತ್ತಿ, ನೆಲ ಗುಡಿಸಿ, ಒಂದೆರಡು ಗಂಟೆ ಗಾಳಿಯಾಡಲು ಬಿಡಿ. ಹಸಿ ನೆಲದ ಮೇಲೆ ಒಣ ಹಾಸು ಎಳೆದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಸಂಜೆ ಮೇವು ಹಾಕುವಾಗ ಐದು ನಿಮಿಷ ಲದ್ದಿ ಹೆಕ್ಕಿದರೆ ರಾತ್ರಿ ತುಳಿಯಲು ಅಷ್ಟು ಕಡಿಮೆ. ಸರಿಯಾಯಿತೇ ಎಂದು ನೋಡಲು ಮುಂಜಾನೆ ಬಾಗಿಲು ತೆಗೆದ ಕೂಡಲೇ ಕುಕ್ಕರಗಾಲಲ್ಲಿ ಕೂತು, ಮಲಗಿದ ಕುದುರೆಯ ಮೂಗಿರುವ ಎತ್ತರದಲ್ಲಿ ಉಸಿರೆಳೆಯಿರಿ. ಕಣ್ಣು ಚುರುಗುಟ್ಟಿದರೆ ಅಮೋನಿಯಾ ಜಾಸ್ತಿಯಾಗಿದೆ. ಶ್ವಾಸಕೋಶಕ್ಕೂ ಗೊರಸಿಗೂ ಕೇಡು.

ಆ ವಾಸನೆಗೆ ನಮ್ಮಲ್ಲಿ ರೂಢಿಯಲ್ಲಿರುವ ಎರಡು ಉಪಾಯಗಳನ್ನು ಬಿಡಬೇಕು. ಒದ್ದೆಯ ಮೇಲೆ ಸುಣ್ಣ ಎರಚುವುದು ಒಂದು. ಸುಣ್ಣದ ಕ್ಷಾರ ಗಂಜಲದಲ್ಲಿನ ಅಮೋನಿಯಂ ಅನ್ನು ಅನಿಲವಾಗಿ ಎಬ್ಬಿಸುತ್ತದೆ, ಅಂದರೆ ವಾಸನೆ ಹೆಚ್ಚುತ್ತದೆ, ಅರಳಿಸಿದ ಸುಣ್ಣ ಚರ್ಮವನ್ನೂ ಸುಡುತ್ತದೆ. ಎರಡನೆಯದು ಬ್ಲೀಚಿಂಗ್ ಪೌಡರ್. ಗಂಜಲದ ಜೊತೆ ಸೇರಿದರೆ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ, ಮುಚ್ಚಿದ ಬಾಕ್ಸಿನಲ್ಲಿ ಕುದುರೆಗೂ ಗುಡಿಸುವವರಿಗೂ ಅಪಾಯ. ಬಳಸಲೇಬೇಕಿದ್ದರೆ ನೆಲವನ್ನು ನೀರಿನಲ್ಲಿ ಪೂರ್ತಿ ತೊಳೆದ ಮೇಲೆ, ಕುದುರೆ ಹೊರಗಿದ್ದಾಗ, ಬಾಗಿಲು ಕಿಟಕಿ ತೆರೆದಿಟ್ಟು. ವಾಸನೆ ಹೀರಲು ಜಿಯೋಲೈಟ್ ಎಂಬ ಖನಿಜದ ಪುಡಿ ಒಳ್ಳೆಯದು.

ಮಳೆಗಾಲಕ್ಕೆ ಮುಂಚೆ ಹಾಸನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಗಳ ಮೇಲೆ ಪೇರಿಸಿ, ಗೋಡೆಗೆ ತಾಗಿಸಬೇಡಿ. ತಿಪ್ಪೆಯ ವಿಚಾರವನ್ನೂ ಆಗಲೇ ಮಾತಾಡಿಕೊಳ್ಳಿ. ಹುಲ್ಲು ಬೆರೆತ ಲದ್ದಿಯನ್ನು ರೈತರೂ ಅಣಬೆ ಬೆಳೆಯುವವರೂ ಕೇಳಿ ಒಯ್ಯುತ್ತಾರೆ. ಗರಗಸದ ಪುಡಿ ಜಾಸ್ತಿಯಿದ್ದರೆ ಮುಖ ತಿರುಗಿಸುತ್ತಾರೆ. ಹಸಿಯಾಗಿ ಹೊಲಕ್ಕೆ ಹಾಕಿದರೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಬೆಳೆ ಹಳದಿಯಾಗುತ್ತದೆ ಎಂಬುದು ಅವರಿಗೆ ಗೊತ್ತು. ಮರದ ಹಾಸು ಬಳಸುವವರು ಗುಂಡಿಯಲ್ಲಿ ಹಸಿರು ಸೊಪ್ಪು, ಸಗಣಿ ಸೇರಿಸಿ, ಆಗಾಗ ಮಗುಚಿ ಪೂರ್ತಿ ಕೊಳೆಸಿದ ಮೇಲಷ್ಟೇ ಕೊಡಬೇಕು. ಗುಂಡಿಗೆ ಜಾಗವಿಲ್ಲದ ಲಾಯದವರು ಸುತ್ತುವ ಕುದುರೆ, ಹಾಸು ಮೇಯುವ ಕುದುರೆ ಎರಡನ್ನು ಬಿಟ್ಟು ಉಳಿದವಕ್ಕೆ ಹುಲ್ಲಿನ ಮೇಲ್ಪದರವನ್ನೇ ನೆಚ್ಚಿಕೊಳ್ಳುವುದು ವಾಸಿ.