ಆಶಾ ಅಕ್ಕ ನನ್ನ ಜೆರಾಕ್ಸ್ ಅಂಗಡಿಗೆ ಯಾಕೆ ಬರ್ತಾರೆ ಅಂದ್ರೆ

ನಂದು ಕೊಪ್ಪಳ ಜಿಲ್ಲೇಲಿ ಒಂದು ಹೋಬಳಿ ಊರಲ್ಲಿ ಜೆರಾಕ್ಸ್ ಅಂಗಡಿ. ಹೆಸರಿಗೆ ಜೆರಾಕ್ಸ್, ಆದ್ರೆ ಪಹಣಿ ತೆಗೆಯೋದು, ಜಾತಿ-ಆದಾಯದ ಅರ್ಜಿ, ಪಾಸ್‌ಪೋರ್ಟ್ ಸೈಜ್ ಫೋಟೋ, ಕರೆಂಟ್ ಬಿಲ್ಲು, ಎಲ್ಲಾ ಇಲ್ಲೇ. ಬರೋರೆಲ್ಲ ತಮ್ಮ ಕೆಲಸಕ್ಕೆ ಬರ್ತಾರೆ. ಯಾವಾಗ ನೋಡಿದ್ರೂ ಇನ್ನೊಬ್ರ ಕೆಲಸ ಹಿಡ್ಕೊಂಡು ಬರೋರು ಎರಡೇ ಥರ, ಪಂಚಾಯ್ತಿ ಮೆಂಬರ್‌ಗಳು (ಅದೂ ಇಲೆಕ್ಷನ್ ಹತ್ರ ಬಂದಾಗ ಮಾತ್ರ), ಇನ್ನೊಂದು ನಮ್ಮ ಓಣಿ ಆಶಾ ಅಕ್ಕ.

ಆಶಾ ಅಂದ್ರೆ ಪೋಲಿಯೋ ಹನಿ ಹಾಕೋರು, ಕೊರೊನಾ ಟೈಮಲ್ಲಿ ಮನೆಮನೆಗೆ ಬಂದು ಜ್ವರ ಐತೇನು ಅಂತ ಕೇಳ್ದೋರು, ಇಷ್ಟೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರೋದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ ಸುಮಾರು ಸಾವಿರ ಜನಸಂಖ್ಯೆಗೆ ಒಬ್ರು ಅಂತ ಅದೇ ಊರಿನ ಹೆಣ್ಮಕ್ಕಳನ್ನೇ ತಗೊಂಡ್ರು, ಈಗ ನಮ್ಮ ರಾಜ್ಯದಲ್ಲೇ ಸುಮಾರು 42 ಸಾವಿರ ಜನ ಇದ್ದಾರೆ. ಇವರು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಹಂಗಾದ್ರೆ ದಿನಾ ಮಾಡೋದೇನು ಅಂತ ಕೇಳಿದ್ರೆ ನನ್ನ ಕೌಂಟರ್ ಈಚೆ ಕೂತು ನೋಡಿದ್ದನ್ನ ಹೇಳ್ತೀನಿ.

ಮೊನ್ನೆ ಒಂದು ಮಧ್ಯಾಹ್ನ ಎಳೆ ಕೂಸು ಎತ್ಕೊಂಡಿರೋ ಹುಡುಗಿ ಒಬ್ಬಳನ್ನ ಕರ್ಕೊಂಡು ಬಂದ್ರು. "ಅಣ್ಣಾರ, ಈಕಿ ಮಾತೃವಂದನಾ ರೊಕ್ಕ ಬಂದಿಲ್ರಿ, ಅಂಗನವಾಡಿ ಟೀಚರ್ ಕೇಳಿದ್ರ ಹಾಕೀವಿ ಅಂತಾರ, ಬ್ಯಾಂಕಿನ್ಯಾಗ ಕೇಳಿದ್ರ ಬಂದಿಲ್ಲ ಅಂತಾರ, ಒಂಚೂರು ನೋಡ್ರಿ." ಮೊದಲನೇ ಮಗುವಿಗೆ 5000 ರೂಪಾಯಿ ಬರೋ ಸ್ಕೀಮ್ ಅದು, ಎರಡು ಕಂತಲ್ಲಿ, ಎರಡನೇದು ಹೆಣ್ಣಾದ್ರೆ 6000. ಇದು ಅರ್ಜೀಲಿ ಬರೆದಿರೋ ಅಕೌಂಟಿಗೆ ಹೋಗಲ್ಲ, ಆಧಾರ್ ಯಾವ ಅಕೌಂಟಿಗೆ ಕೊನೇದಾಗಿ ಲಿಂಕ್ ಆಗಿದೆಯೋ ಅಲ್ಲಿಗೆ ಹೋಗುತ್ತೆ. ಚೆಕ್ ಮಾಡಿದ್ರೆ ಆಕೆ ಆಧಾರ್ ಲಿಂಕ್ ಇರೋದು ಕಾಲೇಜಲ್ಲಿದ್ದಾಗ ಸ್ಕಾಲರ್‌ಶಿಪ್‌ಗೆ ಅಂತ ತವರೂರಲ್ಲಿ ತೆಗೆಸಿದ್ದ ಬೇರೆ ಬ್ಯಾಂಕಿನ ಅಕೌಂಟಿಗೆ. ಆ ಪಾಸ್‌ಬುಕ್ ಎಲ್ಲಿದೆ ಅಂದ್ರೆ ಅವರಪ್ಪನ ಮನೆ ಟ್ರಂಕಲ್ಲಿ, ಅದಕ್ಕೆ ಕೊಟ್ಟಿದ್ದ ಮೊಬೈಲ್ ನಂಬರ್ ಅಣ್ಣಂದು, ಅದೂ ಈಗ ಬಂದ್. ರೊಕ್ಕ ಬಂದು ಅಲ್ಲಿ ಕೂತು ಎಷ್ಟು ತಿಂಗಳಾಗಿತ್ತೋ.

ನಾನು ಹೇಳಿದ್ದು ಇಷ್ಟೇ, ಮುಂದಿಂದೆಲ್ಲ ಆಶಾ ಅಕ್ಕಂದು. ಅಣ್ಣಂಗೆ ಫೋನ್ ಹಚ್ಚಿದ್ರು, ಪಾಸ್‌ಬುಕ್ ಫೋಟೋ ತರಿಸಿದ್ರು, ಸೋಮವಾರ ಅತ್ತೆ ಹತ್ರ ಒಪ್ಪಿಗೆ ತಗೊಂಡು ಹುಡುಗೀನ ಬಸ್ ಹತ್ತಿಸ್ಕೊಂಡು ಆ ಬ್ರ್ಯಾಂಚಿಗೇ ಹೋಗಿ ಬಂದ್ರು. ಅತ್ತೆ ಒಪ್ಪಿಗೆ ಅನ್ನೋದು ಸಣ್ಣ ಮಾತಲ್ಲ, ರೊಕ್ಕ ಸೊಸೆ ಹೆಸರಲ್ಲಿ ತವರಿನ ಅಕೌಂಟಲ್ಲಿದೆ ಅಂತ ಗೊತ್ತಾದಮೇಲೆ ಆ ಮನೇಲಿ ಏನೇನು ಮಾತು ಬಂದಿರಬೇಕು ನೀವೇ ಯೋಚನೆ ಮಾಡಿ. ಇಷ್ಟಕ್ಕೆಲ್ಲ ಆಶಾ ಅಕ್ಕಂಗೆ ಸಿಕ್ಕಿದ್ದು ಬಸ್ ಚಾರ್ಜ್ ಕೂಡ ಇಲ್ಲ (ಶಕ್ತಿ ಯೋಜನೆ ಇರೋದ್ರಿಂದ ಟಿಕೆಟ್ ಫ್ರೀ, ಅದೊಂದು ಪುಣ್ಯ). ಯಾಕಂದ್ರೆ ಈ ಓಡಾಟಕ್ಕೆ ಅವರ ಇನ್ಸೆಂಟಿವ್ (ಕೆಲಸಕ್ಕಿಷ್ಟು ಅಂತ ಕೊಡೋ ದುಡ್ಡು) ಪಟ್ಟೀಲಿ ಕಾಲಮ್ಮೇ ಇಲ್ಲ.

ಪಟ್ಟೀಲಿ ಏನೇನಿದೆ ಅಂತ ಒಂದ್ಸಲ ನಾನೇ ಪ್ರಿಂಟ್ ತೆಗೆದು ನೋಡಿದೆ. ಹಳ್ಳೀಲಿ ಬಡವರ ಮನೆ ಬಸುರೀನ ತಪಾಸಣೆಗೆ ಕರ್ಕೊಂಡು ಹೋಗಿ ಆಸ್ಪತ್ರೇಲಿ ಹೆರಿಗೆ ಮಾಡಿಸಿದ್ರೆ 600, ಅದರಲ್ಲಿ ಅರ್ಧ ತಪಾಸಣೆಗೆ ಅರ್ಧ ಹೆರಿಗೆಗೆ. ಮಗು ಹುಟ್ಟಿದಮೇಲೆ 3, 7, 14, 21, 28, 42ನೇ ದಿನ ಮನೆಗೆ ಹೋಗಿ ತೂಕ ನೋಡಿ, ಜ್ವರ ನೋಡಿ, ಹಾಲು ಕುಡೀತಿದೆಯಾ ಅಂತ ನೋಡಿ ಬಂದ್ರೆ ಎಲ್ಲಾ ಸೇರಿ 250. ಭೇಟಿಗೆ 42 ರೂಪಾಯಿನೂ ಬೀಳಲ್ಲ. ಅದೂ ಆರ್‌ಸಿಎಚ್ ಪೋರ್ಟಲ್‌ನಲ್ಲಿ (ತಾಯಿ-ಮಗುವಿನ ಆರೋಗ್ಯದ ಲೆಕ್ಕ ಇಡೋ ಸರ್ಕಾರಿ ವೆಬ್‌ಸೈಟ್) ಎಂಟ್ರಿ ಆಗಿದ್ರೆ ಮಾತ್ರ. ನಮ್ಮ ಕಡೆ ಕುಬುಸ ಮಾಡಿ ಹುಡುಗೀನ ತವರಿಗೆ ಕಳಿಸ್ತಾರಲ್ಲ, ಅಲ್ಲೇ ಇರೋದು ಗಮ್ಮತ್ತು. ಏಳು ತಿಂಗಳು ಇಲ್ಲಿ ಐರನ್ ಮಾತ್ರೆ ನುಂಗಿಸಿ, ಸ್ಕ್ಯಾನಿಂಗ್ ಮಾಡಿಸಿ, ಮುಂಜಾನೆ ಎದ್ದು ತಾಲೂಕು ಆಸ್ಪತ್ರೆ ಕ್ಯೂನಲ್ಲಿ ನಿಂತಿದ್ದು ಈ ಅಕ್ಕ, ಹೆರಿಗೆ ಆಗೋದು ಬೇರೆ ಜಿಲ್ಲೇಲಿ, ಅಲ್ಲಿಯವರು ಅವಸರಕ್ಕೆ ಇನ್ನೊಂದು ಐಡಿ ಮಾಡಿಬಿಟ್ರೆ ಇಲ್ಲಿ ಮಾಡಿದ್ದೆಲ್ಲ ಅರ್ಧಕ್ಕೆ ನಿಂತಂಗೆ ಕಾಣುತ್ತೆ. ಹೆಣ್ಣು ಮದುವೆ ಆಗಿ ಒಂದೂರಲ್ಲಿರೋದು ಹಡೆಯೋದು ಇನ್ನೊಂದೂರಲ್ಲಿ ಅನ್ನೋದು ಕರ್ನಾಟಕದಲ್ಲಿ ಎಷ್ಟು ತಲೆಮಾರಿಂದ ಇದೆ, ಆ ಪೋರ್ಟಲ್ ಮಾಡಿದೋರ ಮನೇಲಿ ಯಾರೂ ತವರಿಗೆ ಹೋಗಿ ಹಡೆದಿಲ್ವೇನೋ.

ಗುಳೆ ಹೋಗೋ ಮನೆಗಳದ್ದು ಇನ್ನೊಂದು ಕಥೆ. ಸುಗ್ಗಿ ಮುಗೀತಿದ್ದಂಗೆ ಗಂಡ-ಹೆಂಡ್ತಿ-ಮಕ್ಕಳು ಎಲ್ಲಾ ಬೆಂಗಳೂರು, ಮಂಗಳೂರು ಕಡೆ ಬಿಲ್ಡಿಂಗ್ ಕೆಲಸಕ್ಕೆ ಹೊರಡ್ತಾರೆ, ಹಿಂದೆ ಉಳಿಯೋದು ಮುದುಕ ಮುದುಕಿ. ಆ ಸೀಸನ್‌ನಲ್ಲಿ ಆಶಾ ಅಕ್ಕ ನನ್ನ ಅಂಗಡಿಗೆ ತಾಯಿ ಕಾರ್ಡ್‌ಗಳ (ಬಸುರಿ, ಮಗುವಿನ ತಪಾಸಣೆ ಎಲ್ಲಾ ಬರೆದಿರೋ ಕಾರ್ಡು) ಕಟ್ಟು ಹಿಡ್ಕೊಂಡು ಬರ್ತಾರೆ, ಒಂದೊಂದು ಪುಟಾನೂ ಜೆರಾಕ್ಸ್ ಮಾಡಿಸಿ ಒಂದು ಸೆಟ್ ತಮ್ಮ ಹತ್ರ ಇಟ್ಕೊಂಡು ಅಸಲಿ ಕಾರ್ಡನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಬ್ಯಾಗಿಗೆ ತಾವೇ ತುರುಕ್ತಾರೆ. ಮನೇಲೇ ಬಿಟ್ಟು ಹೋದ್ರೆ ಅಲ್ಲಿ ಆಸ್ಪತ್ರೇಲಿ ಹಿಂದಿಂದೆಲ್ಲ ಹೊಸದಾಗಿ ಕೇಳ್ತಾರೆ, ರಕ್ತ ಎಷ್ಟಿತ್ತು, ಧನುರ್ವಾಯು ಸೂಜಿ ಆಗಿತ್ತಾ, ಮೊದಲನೇದು ಸಿಸೇರಿಯನ್ನಾ, ಅವರಿಗೆ ಹೇಳೋಕೆ ಬರಲ್ಲ. ಆಮೇಲೆ ಇಲ್ಲಿ ನನ್ನ ಬೆಂಚ್ ಮೇಲೆ ಕೂತೇ ಫೋನು. "ಒಂದೂವರೆ ತಿಂಗಳಿನ ಸೂಜಿ ಹಾಕ್ಸಿದ್ರೇನು? ಜ್ವರ ಬರ್ತಾವ, ಹೆದರಬ್ಯಾಡ್ರಿ, ಎರಡು ದಿನಕ್ಕ ಇಳೀತಾವ." ಆ ಕಡೆಯಿಂದ ಮಷಿನ್ ಸದ್ದು, ಮೇಸ್ತ್ರಿ ಕೂಗೋದು ಎಲ್ಲಾ ಸ್ಪೀಕರಲ್ಲಿ ಕೇಳ್ತಿರುತ್ತೆ.

ಟಿಬಿ ವಿಷ್ಯ ಹೇಳಲೇಬೇಕು. ಆಶಾ ಯೂನಿಫಾರ್ಮಿನ ಗುಲಾಬಿ ಸೀರೆ ಉಟ್ಕೊಂಡು ಒಂದೇ ಮನೆ ಮುಂದೆ ವಾರ ವಾರ ನಿಂತ್ರೆ ಓಣಿ ಪೂರ್ತಿ ಅರ್ಥ ಮಾಡ್ಕೊಳ್ಳುತ್ತೆ. ಬಸುರಿ ಇರೋ ಮನೆ ಆದ್ರೆ ಸಂತೋಷ, ಬಸುರಿ ಇಲ್ಲದ ಮನೆ ಆದ್ರೆ ಶುರುವಾಯ್ತು ಗುಸುಗುಸು. ಅದಕ್ಕೆ ಆಕೆ ಆ ಮನೆಗಳಿಗೆ ಕತ್ತಲಾದಮೇಲೆ ಮನೆ ಸೀರೆ ಉಟ್ಕೊಂಡು, ಸಾಲ ಕೇಳೋಕೆ ಬಂದೋರ ಥರ ಹೋಗಿ ಬರ್ತಾರೆ. ಮಾತ್ರೆ ಕಮ್ಮಿ ಅಂದ್ರೂ ಆರು ತಿಂಗಳು, ಎರಡು ತಿಂಗಳಿಗೇ ಕೆಮ್ಮು ನಿಂತು ಮನುಷ್ಯ ಗಟ್ಟಿ ಆಗ್ತಾನೆ, ಆವಾಗಲೇ ಬಿಡೋದು, ಬಿಟ್ರೆ ಔಷಧಿಗೆ ಬಗ್ಗದ ಟಿಬಿ ಆಗೋ ಅಪಾಯ. ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರ ಕೊಡೋ ದುಡ್ಡು 2024ರ ನವೆಂಬರಿಂದ ತಿಂಗಳಿಗೆ 500 ಇದ್ದಿದ್ದು 1000 ಆಗಿದೆ, ಅದಕ್ಕೂ ಮತ್ತೆ ಅಕೌಂಟು, ಮತ್ತೆ ಆಧಾರ್, ಮತ್ತೆ ನನ್ನ ಅಂಗಡಿ. ಇಲ್ಲಿಗೆ ಬಂದಾಗ ಆಕೆ ಕಾಯಿಲೆ ಹೆಸರು ಹೇಳಲ್ಲ, "ಅದೇ ಸ್ಕೀಮ್ ಅಣ್ಣಾರ" ಅಂತಾರೆ, ನಾನೂ ಕೇಳಲ್ಲ.

ಸೊರಗಿದ ಮಕ್ಕಳ ಕೈಗೆ ಒಂದು ಬಣ್ಣದ ಪಟ್ಟಿ ಸುತ್ತಿ ನೋಡ್ತಾರೆ, ರಟ್ಟೆ ಅಳತೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ಕೆಂಪು. ಕೆಂಪು ಬಂದ ಕೂಸಿನ ಜೊತೆ ತಾಯಿ ಎನ್‌ಆರ್‌ಸಿ (ಸೊರಗಿದ ಮಕ್ಕಳಿಗೆ ಪೌಷ್ಟಿಕ ಆಹಾರ, ಚಿಕಿತ್ಸೆ ಕೊಡೋ) ಕೇಂದ್ರದಲ್ಲಿ ಸುಮಾರು 14 ದಿನ ಇರಬೇಕಾಗಬಹುದು. ಹದಿನಾಲ್ಕು ದಿನ ಸೊಸೆ ಮನೇಲಿಲ್ಲ ಅಂದ್ರೆ ರೊಟ್ಟಿ ಬಡಿಯೋರ್ಯಾರು, ಎಮ್ಮೆ ನೋಡೋರ್ಯಾರು, ಇನ್ನೊಂದು ಮಗೂನ ಯಾರು ಇಟ್ಕೋತಾರೆ. ಕೂಲಿ ಹೋಗುತ್ತೆ ಅಂತ ಕೇಂದ್ರದಲ್ಲಿ ತಾಯಿಗೆ ಭತ್ಯೆ ಕೊಡ್ತಾರೆ, ಎಮ್ಮೆಗೆ ಯಾರು ಕೊಡ್ತಾರೆ? ನಮ್ಮ ಅಕ್ಕ ಒಂದು ಮನೇಲಿ ಮುದುಕಿಗೆ ಕೂಸಿನ ಕೈ ಪಟ್ಟಿ ತೋರಿಸಿ ಆಮೇಲೆ ಅದನ್ನೇ ತಮ್ಮ ಎರಡು ಬೆರಳಿಗೆ ಅದೇ ಅಳತೆಗೆ ಸುತ್ತಿ, "ನೋಡಬೇ, ನಿನ್ನ ಮೊಮ್ಮಗನ ರಟ್ಟಿ ನನ್ನ ಎರಡು ಬೆರಳಿನಷ್ಟೈತಿ" ಅಂದ್ರಂತೆ. ಮುದುಕಿ ಆವತ್ತು ರಾತ್ರಿನೇ ಮಗಳಿಗೆ ಫೋನ್ ಮಾಡಿ ಎಮ್ಮೆ ನೋಡ್ಕೊಳ್ಳೋಕೆ ಕರೆಸಿದ್ಲು.

ಇಷ್ಟೆಲ್ಲ ಮಾಡೋರು ಸರ್ಕಾರಿ ನೌಕರರಲ್ಲ, ರಾಜ್ಯದಿಂದ 5000 ಗೌರವಧನ, ಮೇಲೆ ಈ ಇನ್ಸೆಂಟಿವ್ ಚಿಲ್ಲರೆ, ಅದೇ ಲೆಕ್ಕದಲ್ಲಿ ವರ್ಷಗಟ್ಟಲೆ ನಡೀತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳಿಗೆಲ್ಲ ಪ್ರಶಸ್ತಿ ಕೊಟ್ಟಾಗ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲೂ ಅದೇ. 2025ರ ಜನವರೀಲಿ ಇದೇ ಹೆಣ್ಮಕ್ಕಳು 15 ಸಾವಿರ ಸಂಬಳ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳೀಲಿ ರಾತ್ರಿ ಮಲಗಿದ್ರು, ಆವಾಗ ಸ್ಟೇಟಸ್ ಹಾಕಿದೋರು ನನ್ನ ಕಾಂಟ್ಯಾಕ್ಟ್‌ನಲ್ಲಿ ಯಾರೂ ಕಾಣ್ಲಿಲ್ಲ. ಕೊನೆಗೆ ತಿಂಗಳಿಗೆ ಕನಿಷ್ಠ 10 ಸಾವಿರ ಅಂತ ಮುಖ್ಯಮಂತ್ರಿಗಳಿಂದ ಭರವಸೆ ಸಿಕ್ತು, ಆಮೇಲೂ ಮತ್ತೆ ಬೀದಿಗಿಳಿಯೋ ಪರಿಸ್ಥಿತಿ ಬಂತು. ಕೆಲಸಕ್ಕೊಂದು ರೇಟ್ ಅನ್ನೋ ಪದ್ಧತಿ ಇರೋವರೆಗೂ ಇದು ಸರಿ ಹೋಗಲ್ಲ ಅಂತ ನನ್ನ ಅಭಿಪ್ರಾಯ, ಹೆರಿಗೆ ಎಣಿಸಬಹುದು, ಸೂಜಿ ಎಣಿಸಬಹುದು, ಅತ್ತೆನ ಒಪ್ಪಿಸೋಕೆ ಹಿಡಿದ ಮೂರು ಸಂಜೆ ಹೆಂಗೆ ಎಣಿಸ್ತೀರಿ? ಫಿಕ್ಸ್ ಸಂಬಳ ಕೊಡ್ಬೇಕು, ಅಷ್ಟೇ.

ನಮ್ಮಂಥೋರು ಏನ್ ಮಾಡಬಹುದು ಅಂದ್ರೆ, ಮನೇಲಿ ಬಸುರಿ ಇದ್ರೆ ಆಧಾರ್ ಯಾವ ಬ್ಯಾಂಕಿಗೆ ಲಿಂಕ್ ಇದೆ ಅಂತ ಈಗ್ಲೇ ಚೆಕ್ ಮಾಡಿಸ್ಕೊಳ್ಳಿ, ಹೆರಿಗೆ ಆದಮೇಲೆ ಅಲ್ಲ. ಹೊಸ ಸೊಸೆ ಹೆಸರು ರೇಷನ್ ಕಾರ್ಡಿಗೆ ಸೇರ್ಸಿ, ಸರ್ವರ್ ಓಪನ್ ಇದ್ದಾಗಲೇ, ನಾಳೆ ದೊಡ್ಡ ಆಸ್ಪತ್ರೇಲಿ ಉಚಿತ ಚಿಕಿತ್ಸೆ ಅಂತ ಹೋದಾಗ ಮೊದಲು ಕೇಳೋದು ಅದನ್ನೇ. ತಾಯಿ ಕಾರ್ಡಿನ ಫೋಟೋ ಗಂಡ-ಹೆಂಡ್ತಿ ಇಬ್ಬರ ಮೊಬೈಲಲ್ಲೂ ಇರ್ಲಿ. ಸಂಶಯ ಇದ್ರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ನನ್ನ ಅಂಗಡೀಲಿ ತಾಯಿ ಕಾರ್ಡ್ ಜೆರಾಕ್ಸ್‌ಗೆ ದುಡ್ಡು ತಗೊಳಲ್ಲ, ಬೇರೆ ಊರಿನ ಅಂಗಡಿಯೋರು ಯಾರಾದ್ರೂ ಓದ್ತಿದ್ರೆ ನೀವೂ ತಗೋಬೇಡಿ, ತಿಂಗಳಿಗೆ ಒಂದು ರಿಮ್ ಪೇಪರ್ ಕೂಡ ಖರ್ಚಾಗಲ್ಲ ಮಾರಾಯ್ರೇ.