ಮುಷ್ಟಿಯೊಳಗಿನ ಮರಳು

ಶಿವಮೊಗ್ಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಗೆ ಸೇರಿದಾಗ ನನ್ನನ್ನು ಕ್ವಾಲಿಟಿ ವಿಭಾಗದಲ್ಲಿ ಕೂರಿಸಿದರು. ಕಬ್ಬಿಣ ಕರಗಿಸುವುದೆಲ್ಲ ಹೆಚ್ಚಾಗಿ ರಾತ್ರಿ. 1948ರ ಕಾರ್ಖಾನೆ ಕಾಯ್ದೆ ಪ್ರಕಾರ ಹೆಂಗಸರಿಗೆ ರಾತ್ರಿ ಪಾಳಿ ಇರಲಿಲ್ಲ. ಕುಲುಮೆ ಗೊತ್ತಿಲ್ಲದವಳಿಗೆ ಬಡ್ತಿ ಯಾಕೆ, ಅಲ್ವಾ? ಜೊತೆಗೆ ಸೇರಿದ ಹುಡುಗರು ಮೇಲೆ ಹೋದರು.

ನಾನು ಬೆಳಿಗ್ಗೆ ಆರಕ್ಕೇ ಹಾಜರು. ಮೋಲ್ಡಿಂಗ್‌ನ, ಅಂದರೆ ಎರಕಕ್ಕೆ ಮರಳಿನ ಅಚ್ಚು ಮಾಡುವ ವಿಭಾಗದ, ಹಿರಿಯ ಮೇಸ್ತ್ರಿ ಮರಳನ್ನು ಮುಷ್ಟಿಯಲ್ಲಿ ಅದುಮಿ, ಉಂಡೆ ಮುರಿದು ತೋರಿಸುತ್ತಿದ್ದರು. "ನೋಡು ತಾಯಿ, ಅಂಚು ಉದುರಬಾರದು, ಕೈಗೆ ಅಂಟಬಾರದು." ತೇವ ಜಾಸ್ತಿಯಾದರೆ ಎರಕದೊಳಗೆ ಗಾಳಿಗುಳ್ಳೆ. ನಮ್ಮ ಮಳೆಗಾಲದಲ್ಲಂತೂ ದಿನಾ ಇದೇ ಗೋಳು.

2019ರಲ್ಲಿ ರಾಜ್ಯ ಸರ್ಕಾರ ರಾತ್ರಿ ಪಾಳಿಗೆ ಅನುಮತಿ ಕೊಟ್ಟಿತು. ಮೊದಲ ವಾರವೇ ಹೆಸರು ಬರೆಸಿದೆ. ಅಮ್ಮ ಎರಡು ದಿನ ಮಾತಾಡಲಿಲ್ಲ.

ಈಗ ಇಡೀ ಪ್ಲಾಂಟ್ ನನ್ನ ಜವಾಬ್ದಾರಿ. ಬೋರ್ಡ್ ಮೀಟಿಂಗ್‌ಗೆ ಹೋದರೂ ಉಗುರಲ್ಲಿ ಕಪ್ಪು ಮರಳು ಇದ್ದೇ ಇರುತ್ತದೆ.