ಸೂತಕದ ಮನೆಯಲ್ಲಿ 12ನೇ ಅಧ್ಯಾಯ

ಅಪ್ಪ ತೀರಿಕೊಂಡು ಅವತ್ತಿಗೆ 9 ದಿನ. ಸೂತಕ, ಹಾಗಾಗಿ ದೇವರ ಮನೆಯಲ್ಲಿ ದೀಪ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಹೂ ಬಿಡಿಸಲು ಹೋಗುತ್ತಿದ್ದ ಅಮ್ಮ, ಅಭ್ಯಾಸಬಲದಿಂದ ಬುಟ್ಟಿ ಹಿಡಿದು ಹಿತ್ತಲ ಬಾಗಿಲವರೆಗೆ ಹೋಗಿ, ನೆನಪಾಗಿ ವಾಪಸ್ ಬಂದಳು.

ನನ್ನ ಕಥೆಯೂ ಅದೇ. ಮೈಸೂರಿನಲ್ಲಿ 4 ವರ್ಷದಿಂದ ಆಸನ, ಪ್ರಾಣಾಯಾಮ, ಧ್ಯಾನ ಮಾಡುತ್ತಿದ್ದೇನೆ. ಚಿತ್ತವೃತ್ತಿಗಳನ್ನು, ಅಂದರೆ ಮನಸ್ಸಿನ ಅಲೆಗಳನ್ನು, ತಡೆಯುವುದೇ ಯೋಗ ಅಂತ ಪತಂಜಲಿ ಯೋಗಸೂತ್ರದ 2ನೇ ಸೂತ್ರದಲ್ಲೇ ಹೇಳಿಬಿಡುತ್ತಾನೆ, ಅದನ್ನು ಪೂರ್ತಿ ನಂಬಿದವನು ನಾನು. ಈಗ ಕಣ್ಣು ಮುಚ್ಚಿದರೆ ಐಸಿಯು ಯಂತ್ರದ ಬೀಪ್ ಸದ್ದು ಮಾತ್ರ. 10 ನಿಮಿಷವೂ ಕೂರಲಾಗಲಿಲ್ಲ.

ಅಪ್ಪನದು ಜ್ಞಾನದ ದಾರಿ. ಭಗವದ್ಗೀತೆಗೆ ಶಂಕರಾಚಾರ್ಯರು ಬರೆದ ಭಾಷ್ಯ ಯಾವಾಗಲೂ ಕೈಯಲ್ಲಿ. ಕರ್ಮ, ಭಕ್ತಿ ಎಲ್ಲ ಮನಸ್ಸನ್ನು ತೊಳೆಯೋಕೆ, ಬಿಡುಗಡೆ ಮಾತ್ರ ಜ್ಞಾನದಿಂದಲೇ ಅನ್ನುತ್ತಿದ್ದರು. "ಅವನ ಕೃಪೆ ಇಲ್ದೆ ಜ್ಞಾನ ಎಲ್ಲಿಂದ ಬರತ್ತೆ?" ಅಂತ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಆ ವಾದ ಕೇಳುತ್ತಲೇ ನಾನು ದೊಡ್ಡವನಾದೆ.

ಮಧ್ಯಾಹ್ನ ಸೋದರಮಾವ ಬಂದು ಅಪ್ಪನ ಆ ಪುಸ್ತಕವನ್ನೇ ತೆಗೆದು ಗೀತೆಯ 12ನೇ ಅಧ್ಯಾಯ ಓದಿದರು. 20 ಶ್ಲೋಕ ಅಷ್ಟೇ. ನಾನು ಎಷ್ಟೋ ಸಲ ಓದಿದ್ದೆ, ಆದರೆ 8ನೇ ಶ್ಲೋಕದಿಂದ ಕೃಷ್ಣ ಒಂದೊಂದೇ ಮೆಟ್ಟಿಲು ಇಳಿದು ಬರುವುದು ಅವತ್ತೇ ಕಂಡಿದ್ದು: ಮನಸ್ಸನ್ನು ನನ್ನಲ್ಲಿಡು, ಅದಾಗದಿದ್ದರೆ ಅಭ್ಯಾಸ ಮಾಡು, ಅದೂ ಆಗದಿದ್ದರೆ ನನಗೋಸ್ಕರ ಕೆಲಸ ಮಾಡು, ಅದಕ್ಕೂ ಶಕ್ತಿ ಇಲ್ವಾ, ಮಾಡಿದ್ದರ ಫಲ ಬಿಡು. ಮರುಶ್ಲೋಕದಲ್ಲಿ ಅಭ್ಯಾಸಕ್ಕಿಂತ ಜ್ಞಾನ, ಜ್ಞಾನಕ್ಕಿಂತ ಧ್ಯಾನ, ಧ್ಯಾನಕ್ಕಿಂತ ಆ ಫಲತ್ಯಾಗವೇ ಮೇಲು ಅನ್ನುತ್ತಾನೆ. ಕೊನೇ ಮೆಟ್ಟಿಲು ಅಂದುಕೊಂಡಿದ್ದು ಎಲ್ಲಕ್ಕಿಂತ ಮೇಲೆ ಬಂತು! ಶಂಕರರು ಇದನ್ನು ಕರ್ಮಫಲತ್ಯಾಗದ ಸ್ತುತಿ, ಅಂದರೆ ಅದರತ್ತ ಸೆಳೆಯಲು ಹೊಗಳಿದ ಮಾತು ಅಂತಲೇ ಓದುತ್ತಾರೆ, ಅಪ್ಪನೂ ಹಾಗೇ ಹೇಳುತ್ತಿದ್ದರು. ಇರಬಹುದು. ಆದರೆ ಧ್ಯಾನಕ್ಕೆ ಕೂರಲಾಗದೆ ಒದ್ದಾಡುತ್ತಿದ್ದ ನನಗೆ "ಆಗದಿದ್ದರೆ" ಅನ್ನುವ ಆ ಒಂದು ಮಾತು ಸಾಕಾಯಿತು. ಅತ್ತುಬಿಟ್ಟೆ. ಮಾವ ಓದು ನಿಲ್ಲಿಸಲಿಲ್ಲ.

ಆಮೇಲೆ ಹಿತ್ತಲಿಗೆ ಹೋದೆ. 12ನೇ ದಿನದ ಅಡುಗೆಗೆ ಅಟ್ಟದಿಂದ ಇಳಿಸಿದ್ದ ತಾಮ್ರದ ಕೊಳಗಗಳು ಕಪ್ಪಗಾಗಿ ಬಿದ್ದಿದ್ದವು. ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದು ಪಕ್ಕದಲ್ಲಿ ಕೂತು, ಇನ್ನೊಂದು ಕೊಳಗ ಎಳೆದುಕೊಂಡು, ಬಾಯಲ್ಲೇ ದಾಸರ ಪದವೊಂದನ್ನು ಗುನುಗಿದಳು. ಕತ್ತಲಾಗುವವರೆಗೂ ತಿಕ್ಕಿದೆವು.